ಎರವಲು ಸ್ಟೋವಿನ ದವಾಖಾನೆ

ಗಡಹಿಂಗ್ಲಜದಿಂದ ಬೆಳಗಿನ ಮೊದಲ ಎಸ್‌ಟಿಗೆ ಹೊರಟೆ. ತಮ್ಮ ಬಸಪ್ಪನ ಬಲತೋಳು ಬಾತು ಕೀವು ತುಂಬಿದೆಯೆಂದು ಇಚಲಕರಂಜಿಯಿಂದ ಕಾಗದ ಬಂದಿತ್ತು. ಕೊಲ್ಲಾಪುರದವರೆಗೆ ಎರಡು ರೂಪಾಯಿ ಚಿಲ್ಲರೆ ಟಿಕೆಟ್ಟು, ಅಲ್ಲಿ ಬಸ್ಸು ಬದಲಿಸಬೇಕು. ನಿಪ್ಪಾಣಿ ದಾಟಿದರೂ ತಲೆಯಲ್ಲಿ ಒಂದೇ ಪ್ರಶ್ನೆ. ಜ್ವರಕ್ಕೆಂದು ಸೂಜಿ ಮಾಡಿಸಿಕೊಂಡವನ ತೋಳು ಕೊಳೆಯುವುದೆಂದರೇನು?

ಮಧ್ಯಾಹ್ನ ಇಚಲಕರಂಜಿ ಮುಟ್ಟಿದೆ. ಬಸಪ್ಪ ಮಲಗಿದ್ದ ದವಾಖಾನೆಯ ಹೆಸರು ಹೇಳುವುದಿಲ್ಲ, ಬಾಯಿ ಹೊಲಸಾಗುತ್ತದೆ. ಒಳಗೆಲ್ಲ ಫಿನಾಯಿಲ್ ವಾಸನೆ, ಮಂಚಗಳ ಮೇಲೆ ಹೊಸ ಚಾದರ. ಮೂಲೆಯ ಸ್ಟೋವಿನ ಮೇಲೆ ಸೂಜಿಗಳು ಕುದಿಯುತ್ತಿದ್ದವು. ಇಷ್ಟು ಅಚ್ಚುಕಟ್ಟಿನ ಜಾಗದಲ್ಲಿ ಹೀಗೇಕಾಯಿತೆಂದು ತಮ್ಮನನ್ನು ಕೇಳಿದೆ.

"ಇವತ್ತ ಕೊಲ್ಲಾಪುರದ ಸಾಹೇಬ್ರು ತಪಾಸಣಿಗೆ ಬರಾಕತ್ತಾರ ಅಣ್ಣಾ. ಎಂಟ ದಿನದ ಹಿಂದ ಚೀಟಿ ಬಂದೈತಿ. ಆ ಸ್ಟೋ ಎದುರಿನ ಚಹಾದಂಗಡೀದು. ಅವತ್ತ ಬಾಜೂದವಂಗ ಚುಚ್ಚಿದ ಸೂಜೀನ ತಣ್ಣೀರಾಗ ಅದ್ದಿ ನನಗೂ ಚುಚ್ಚಿದ್ರು."

ಅಂಗಾಲಿನ ಉರಿ ನೆತ್ತಿಗೇರಿತು. ಬಸಪ್ಪನ ಕೆಲಸ ಕಬನೂರಿನ ಮಗ್ಗದ ಕಾರ್ಖಾನೆಯಲ್ಲಿ ನೇಯ್ದ ಬಟ್ಟೆ ಪರೀಕ್ಷಿಸುವುದು. ಒಂದು ಎಳೆ ತಪ್ಪಿದರೂ ಆ ಜಾಗದ ಅಂಚಿಗೆ ಕೆಂಪು ದಾರ ಕಟ್ಟುತ್ತಾನೆ. ಬಟ್ಟೆಗೆ ದಿನಾ ತಪಾಸಣೆ. ಮನುಷ್ಯನ ಮೈಗೆ ವರ್ಷಕ್ಕೊಮ್ಮೆ, ಅದೂ ಮೊದಲೇ ಹೇಳಿ ಕಳಿಸಿ!

ಸಾಹೇಬರು ಬಂದರು. ಚಾದರ ಮುಟ್ಟಿ ನೋಡಿದರು, ಕುದಿಯುವ ನೀರು ನೋಡಿ ತಲೆಯಾಡಿಸಿದರು.

"ಸಾಹೇಬ್ರ, ಚಾದರ ಬಿಡ್ರಿ, ಇವನ ತೋಳ ನೋಡ್ರಿ. ಸೂಜಿ ಕುದಸೂದು ಇವತ್ತ ಒಂದs ದಿನ," ಎಂದೆ.

"ತಕ್ರಾರ ಇದ್ರ ಬರದ ಕಳಸ್ರಿ," ಎಂದರು. ಬಾಗಿಲ ಬಳಿಯ ಭೇಟಿಪುಸ್ತಕದಲ್ಲಿ 'ವ್ಯವಸ್ಥೆ ಸಮಾಧಾನಕರ' ಎಂದು ಬರೆದು ಸಹಿ ಹಾಕಿ ಜೀಪು ಹತ್ತಿದರು. ಯಾರ ಸಮಾಧಾನ? ಜೀಪಿನ ಧೂಳು ಕೂರುವ ಮೊದಲೇ ಚಹಾದಂಗಡಿಯವನು ಬಂದು ಸ್ಟೋ ಎತ್ತಿಕೊಂಡು ಹೋದ. ಚಾದರಗಳೂ ಕಪಾಟು ಸೇರಿದವು.

ಬಸಪ್ಪನಿಗೆ ಇನ್ನು ಸೂಜಿ ಎಡತೋಳಿಗೆ. ಅದೊಂದಾದರೂ ಉಳಿಯಬೇಕಲ್ಲ. ಪಾತೇಲಿಯಲ್ಲಿ ಸೂಜಿಗಳನ್ನು ಹಾಕಿಕೊಂಡು ನಾನೇ ಚಹಾದಂಗಡಿಗೆ ಹೋಗಿ ಕುದಿಸಿ ತಂದೆ.

"ನಮಗ ಕಲಸಾಕ ಬಂದೀರೇನ್ರಿ?" ಎಂದ ಕಂಪೌಂಡರ್.

"ಹೌದ್ರಿ. ನೀವು ಕಲೀಲಿಲ್ಲಲ್ಲ, ಅದಕ್ಕ."

ಮೂರು ದಿನ ಅದೇ ಕೆಲಸ ಮಾಡಿದೆ. ಜ್ವರ ಇಳಿಯಿತು, ಎಡತೋಳಿಗೆ ಏನೂ ಆಗಲಿಲ್ಲ. ಬಲಗೈ ಬೆರಳುಗಳು ಮಾತ್ರ ಮಡಚಲಿಲ್ಲ. ಇನ್ನು ಮಡಚುವುದು ಕಷ್ಟವೆಂದು ಡಾಕ್ಟರು ಗೋಡೆ ನೋಡುತ್ತ ಹೇಳಿದರು. ಪಕ್ಕದ ಮಂಚದವನ ಹೆಂಡತಿ ಗಂಗವ್ವ, "ನಾಳಿಂದ ಪಾತೇಲಿ ನಾವು ಪಾಳಿ ಮ್ಯಾಲ ಒಯ್ಯತೇವ್ರಿ," ಎಂದಳು. ನಾಲ್ಕನೆಯ ದಿನ ತಮ್ಮನನ್ನು ಕರೆದುಕೊಂಡು ಹೊರಟೆ.

ಬಾಗಿಲ ಬಳಿ ಭೇಟಿಪುಸ್ತಕ ತೆರೆದೇ ಇತ್ತು. ಬಸಪ್ಪ ನಿಂತ. ಎಡಗೈಯಿಂದ ಅಂಗಿಯ ಕಿಸೆ ತಡಕಿ ಒಂದು ಕೆಂಪು ದಾರ ತೆಗೆದು, ಸಾಹೇಬರ ಸಹಿಯಿದ್ದ ಹಾಳೆಯ ಅಂಚಿಗೆ ಹಿಡಿದ.

"ಅಣ್ಣಾ, ನೀನs ಕಟ್ಟ," ಎಂದ. "ನನಗ ಇನ್ನ ಗಂಟ ಹಾಕಾಕ ಬರೂದಿಲ್ಲ."