ಮೂಲೆ ಮಡಚಿದ ಪುಟಗಳು

ಶಿರಾಲಿಯ ದಿವಾಕರ ನಾಯ್ಕನ ಸ್ಕೂಟರ್ ಒಂದು ಮನೆಯ ಅಂಗಳದಲ್ಲಿ ನಿಂತಿತೆಂದರೆ, ಆ ಮನೆಯ ಹುಡುಗಿಗೆ ಗಂಡು ಗೊತ್ತಾಗಿದೆ ಎಂದು ಊರಿಗೆ ಊರೇ ತಿಳಿದುಕೊಳ್ಳುತ್ತಿತ್ತು. ಕೆಲವು ಸಲ ಹುಡುಗಿಗೆ ಗೊತ್ತಾಗುವ ಮೊದಲೇ ಇವನಿಗೆ ಗೊತ್ತಾಗಿರುತ್ತಿತ್ತು. ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನವರು, ಹೊನ್ನಾವರದ ರವಿಕೆ ಹೊಲಿಯುವ ಟೇಲರು, ಮುಹೂರ್ತ ನೋಡುವ ಭಟ್ಟರು, ಎಲ್ಲರೂ ಇವನ ಕಿವಿಯೇ. ಕುಮಟಾದಲ್ಲಿ ಕಪಾಟು, ಮಂಚ, ಗಾದಿ ಮಾರುವ ಅಂಗಡಿಯೊಂದಕ್ಕೆ ಗಿರಾಕಿ ಹುಡುಕಿಕೊಡುವುದು ಅವನ ಕೆಲಸ. ಭಟ್ಕಳದಿಂದ ಕುಮಟಾದವರೆಗೆ ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ. ಅಂಗಡಿಯಲ್ಲಿ ಕೂತು ಬಾಯಿ ಮಾತಿನಲ್ಲಿ ಮಾರುವವರ ಬಗ್ಗೆ ಅವನಿಗೆ ಒಳಗೊಳಗೇ ತಾತ್ಸಾರ. ಮಾರುವುದು ದೊಡ್ಡದಲ್ಲ, ಮನೆಯೊಳಗೆ ಕರೆಸಿಕೊಳ್ಳುವುದು ದೊಡ್ಡದು ಎನ್ನುತ್ತಿದ್ದ.

ಅವನ ಬಂಡವಾಳವೆಲ್ಲ ಹನ್ನೊಂದು ಪಟ್ಟಿಗಳಲ್ಲಿತ್ತು. ಪಟ್ಟಿ ಎಂದರೆ ನಮ್ಮ ಕಡೆ ನೋಟ್‌ಬುಕ್ಕು. ಒಂದು ಮನೆಗೆ ಒಂದು ಪುಟ. ಹುಡುಗಿಯ ಹೆಸರು, ತಂದೆಯ ಹೆಸರು, ಮದುವೆಯ ತಾರೀಕು, ಏನು ಬೇಕಾಗಬಹುದು, ಫೋನು ಯಾರದ್ದು, ಎಲ್ಲ ಇರುತ್ತಿತ್ತು. ಆದರೆ ಆ ಮನೆಯಲ್ಲಿ ಸಾವಾದರೆ, ಗೊತ್ತಾದ ಸಂಬಂಧ ಮುರಿದುಬಿದ್ದರೆ, ಅದನ್ನು ಮಾತ್ರ ಅವನು ಬರೆಯುತ್ತಿರಲಿಲ್ಲ. ಮದುವೆಯ ತಾರೀಕಿನ ಪಕ್ಕದಲ್ಲಿ ಸಾವಿನ ಸುದ್ದಿ ಬರೆಯಲು ಕೈ ಬರುತ್ತಿರಲಿಲ್ಲ. ಹೆಸರಿನ ಮೇಲೆ ಗೀಟು ಹಾಕುವುದಂತೂ ದೂರವೇ ಉಳಿಯಿತು. ಪುಟದ ಮೇಲಿನ ಮೂಲೆಯನ್ನು ಒಳಕ್ಕೆ ಮಡಚಿ, ಹೆಬ್ಬೆರಳಿನ ಉಗುರಿನಿಂದ ಒತ್ತಿಬಿಡುತ್ತಿದ್ದ. ಆ ಮನೆಗೆ ಇನ್ನು ವ್ಯಾಪಾರಕ್ಕೆ ಹೋಗಬಾರದು ಎಂದು ಅರ್ಥ. ಈ ಗುರುತು ಅವನೊಬ್ಬನಿಗೇ ಗೊತ್ತಿದ್ದದ್ದು.

ಕಡೆಯದಾಗಿ ಅವನು ಮೂಲೆ ಮಡಚಿದ್ದು ಜನವರಿ ಕೊನೆಯಲ್ಲಿ, ದೇವಿ ಎಂಬ ಹುಡುಗಿಯ ಪುಟಕ್ಕೆ. ಹೊನ್ನಾವರದ ಹೊಳೆಯ ಆಚೆ ಹಾಲಕ್ಕಿ ಒಕ್ಕಲಿಗರ ಕೆಲವೇ ಮನೆಗಳ ಕೊಪ್ಪವೊಂದರಲ್ಲಿ ಸಣ್ಣ ಗೌಡ, ಮಂಜಿ ಎಂಬ ಗಂಡಹೆಂಡತಿ ತರಕಾರಿ ಬೆಳೆಯುತ್ತಾರೆ. ದೇವಿ ಅವರ ಒಬ್ಬಳೇ ಮಗಳು. ಬೆಳಿಗ್ಗೆ ತಾಯಿಯ ಸಂಗಡ ಹೊನ್ನಾವರದ ಪೇಟೆಗೆ ಬಸಳೆ, ಹರಿವೆ ಹೊತ್ತು ತರುವ ಗಟ್ಟಿ ಹುಡುಗಿ. ಮೇ ಒಂಬತ್ತಕ್ಕೆ ಮದುವೆ ಗೊತ್ತಾಗಿತ್ತು. ಮೂರೇ ದಿನ ಜ್ವರ ಬಂದು ಹೋಗಿಬಿಟ್ಟಳು. ದಿವಾಕರ ಅಂದು ಕೊಪ್ಪಕ್ಕೆ ಹೋಗಿ, ಬೇಲಿಯ ದಣಪೆ ದಾಟಲಾಗದೆ ಅಲ್ಲೇ ನಿಂತು ಬಂದಿದ್ದ.

ಮಾರ್ಚಿನಲ್ಲಿ ಅಂಗಡಿಗೆ ಸಿಆರ್‌ಎಂ ಬಂತು. ಗಿರಾಕಿ ಆಗಬಹುದಾದವರ ಹೆಸರು, ಊರು, ಫೋನನ್ನೆಲ್ಲ ಒಂದೇ ಕಡೆ ಇಟ್ಟುಕೊಂಡು, ಯಾರಿಗೆ ಯಾವಾಗ ಫೋನ್ ಮಾಡಬೇಕೆಂದು ತಾನೇ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರು ಅದು. ಅದನ್ನು ಕೂಡಿಸಲು ಮಂಗಳೂರಿನಿಂದ ಅನೂಪ ಎಂಬವನು ಬಂದ. ಅಂಗಡಿಯ ಧಣಿ ಕೃಷ್ಣಾನಂದ ಶಾನಭಾಗರು ಹನ್ನೊಂದು ಪಟ್ಟಿಗಳನ್ನೂ ತಂದು ಕೊಡಲು ಹೇಳಿದಾಗ ದಿವಾಕರನ ಮುಖ ಗಂಟಿಕ್ಕಿತು.

"ನೀ ನಾಳೆ ಕಾಯಿಲೆ ಬಿದ್ರೆ ಈ ಪಟ್ಟಿ ಓದೂಕೆ ಯಾರಿಗೆ ಬತ್ತದೆ ಹೇಳು ದಿವಾಕರ?" ಎಂದರು ಶಾನಭಾಗರು.

"ಕಾಯಿಲೆ ಬಿದ್ದಾಗ ಕಾಣುವ ಶಾನಭಾಗ್ರೆ" ಎಂದ ಇವನು. ಆದರೂ ತಂದು ಕೊಟ್ಟ. ಕೊಡದೆ ಎಲ್ಲಿಗೆ ಹೋಗುವುದು?

ಪಟ್ಟಿ ನೋಡಿ ಕಂಪ್ಯೂಟರಿಗೆ ಏರಿಸುವ ಕೆಲಸ ಹೇಮಾಳದ್ದು. ಬಿ.ಕಾಂ. ಮುಗಿಸಿ ಅಂಗಡಿ ಸೇರಿದ, ಕೆಲಸದಲ್ಲಿ ಬಲು ಅಚ್ಚುಕಟ್ಟಿನ ಹುಡುಗಿ. ಒಂದೇ ಮನೆ ಗಂಡನ ಹೆಸರಲ್ಲಿ ಒಮ್ಮೆ, ಹೆಂಡತಿಯ ಹೆಸರಲ್ಲಿ ಒಮ್ಮೆ ಬಂದಿದ್ದರೆ ಎರಡನ್ನೂ ಸೇರಿಸಿ ಒಂದು ಮಾಡಿದಳು. ಒಂಬತ್ತೇ ಅಂಕಿ ಇದ್ದ ಫೋನ್ ನಂಬರುಗಳನ್ನು ಹುಡುಕಿ ತಿದ್ದಿದಳು. ಕೊಪ್ಪದ ಐದು ಮನೆಗಳಿಗೆ ಒಂದೇ ನಂಬರು ಇರುವುದು ಕಂಡು ಕೇಳಿದಾಗ ದಿವಾಕರ, "ಅದು ಉಮೇಶನ ಫೋನು. ಯಾರಿಗೆ ಮಾಡ್ರೂ ಅಂವ ಓಡಿಹೋಗಿ ಕೊಡ್ತ" ಎಂದು ವಿವರಿಸಿದ. ಅಷ್ಟರಮಟ್ಟಿಗೆ ಸಹಾಯ ಮಾಡಿದ.

ಒಂದು ಮಧ್ಯಾಹ್ನ ಅವನು ನೋಡುತ್ತಿದ್ದ ಹಾಗೇ ಹೇಮಾ ಒಂದು ಪುಟದ ಮಡಚಿದ ಮೂಲೆಯನ್ನು ಬಿಡಿಸಿ, ಅಂಗೈಯಿಂದ ಸವರಿ, ಅದರ ಮೇಲೆ ಭಾರಕ್ಕೆ ಸ್ಟೇಪ್ಲರ್ ಇಟ್ಟಳು. ಮೂಲೆ ಎದ್ದರೆ ಓದಲು ತೊಡಕು ಎಂದು ಎಲ್ಲ ಪುಟಗಳಿಗೂ ಹಾಗೇ ಮಾಡುತ್ತಿದ್ದಳು.

"ದಿವಾಕರಣ್ಣ, ಬರ್ದದ್ದು ಬಿಟ್ಟು ಇದ್ರಲ್ಲಿ ಬೇರೆ ಎಂತದಾದ್ರೂ ಗುರ್ತು ಅದ್ಯಾ?" ಎಂದು ಅವಳೇ ತಲೆಯೆತ್ತಿ ಕೇಳಿದಳು.

ಆಗ ಹೇಳಬಹುದಿತ್ತು. ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ಅನೂಪ ಪಕ್ಕದಲ್ಲಿ ನಿಂತು, ಇನ್ನು ಮನೆಮನೆ ತಿರುಗುವ ಅಗತ್ಯವೇ ಬೀಳುವುದಿಲ್ಲ ಎಂದು ಶಾನಭಾಗರಿಗೆ ನಗುನಗುತ್ತ ಹೇಳುತ್ತಿದ್ದ. ಹಾಗಾದರೆ ನೋಡಿಕೊಳ್ಳಲಿ, ಎಡವಿ ಬಿದ್ದ ಮೇಲೆ ನನ್ನನ್ನೇ ಕರೆಯುತ್ತಾರೆ ಎಂದುಕೊಂಡ ದಿವಾಕರ.

"ಎಂತದೂ ಇಲ್ಲ. ಇದ್ದದ್ದು ಇದ್ದಹಂಗೆ ಹೊಡಿ" ಎಂದುಬಿಟ್ಟ.

ನಾಳೆ ಹೇಳಿದರಾಯಿತು ಎಂದೂ ಅಂದುಕೊಂಡಿದ್ದ, ಸುಳ್ಳಲ್ಲ. ನಾಳೆ ನಾಡಿದ್ದಾಯಿತು. ಅಷ್ಟರೊಳಗೆ ಕೆಲಸ ಮುಗಿದು, ಇಷ್ಟು ಶುಚಿಯಾದ ಪಟ್ಟಿಯನ್ನು ಎಲ್ಲಿಯೂ ಕಂಡಿಲ್ಲ ಎಂದು ಅನೂಪ ಹೊಗಳಿ ಹೋದ. ಹೇಮಾಳಿಗೆ ಶಾನಭಾಗರು ಮೈಸೂರುಪಾಕು ತರಿಸಿದರು. ಹನ್ನೊಂದು ಪಟ್ಟಿಗಳೂ ರದ್ದಿಗೆ ಹೋದವು. ದಿವಾಕರನಿಗೆ ಅಂಗಡಿಯಲ್ಲೇ ಒಂದು ಕುರ್ಚಿ ಕೊಟ್ಟರು. ಅವನು ಅದರಲ್ಲಿ ಕೂತು ಹೆದ್ದಾರಿಯ ಲಾರಿಗಳನ್ನು ನೋಡುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ ಕರೆಗಳು ಶುರುವಾದವು. ಮದುವೆಗೆ ಹದಿನೈದು ದಿನ ಇದೆಯೆನ್ನುವಾಗ ಸಾಫ್ಟ್‌ವೇರು ತಾನಾಗಿ ಫೋನ್ ಹಚ್ಚಿ, ಹೆಣ್ಣುದನಿಯಲ್ಲಿ ಶುಭಾಶಯ ಹೇಳುತ್ತಿತ್ತು. ಜನ ನಂಬಲಿ ಎಂದು, ದಿವಾಕರ ನಾಯ್ಕರ ಕಡೆಯಿಂದ ಎಂದು ಅದರ ಬಾಯಲ್ಲಿ ಹೇಳಿಸಿದ್ದರು. ಮೊದಲ ಏಟು ಬಿದ್ದದ್ದು ಹೊನ್ನಾವರದ ಬಸ್ ನಿಲ್ದಾಣದಲ್ಲಿ. ಮಗಳ ಸಂಬಂಧ ಮುರಿದು ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ ವಿಶ್ವನಾಥನೆಂಬವನು ಹತ್ತು ಜನರ ಎದುರು ಇವನ ಅಂಗಿ ಹಿಡಿದ. "ಎಲ್ಲಾ ಗೊತ್ತಿದ್ದೂ ಗಾಯಕ್ಕೆ ಉಪ್ಪು ಹಚ್ತ್ಯಾ? ಇನ್ನು ನನ್ನ ಮೆಟ್ಲು ಹತ್ತಬೇಡ" ಎಂದ. ಇಪ್ಪತ್ತೇಳು ವರ್ಷ ದುಡಿದು ದಿವಾಕರ ಗಳಿಸಿದ್ದು ಯಾವ ಮನೆಯ ಮೆಟ್ಟಿಲನ್ನಾದರೂ ಹತ್ತಬಹುದಾದ ಆ ಒಂದು ಹೆಸರನ್ನು ಮಾತ್ರ. ಅದು ಅವನ ಕಣ್ಣೆದುರೇ ಹರಿದುಹೋಗುತ್ತಿತ್ತು.

ಅದೇ ಸಂಜೆ ಕೊಪ್ಪದ ಉಮೇಶನ ಫೋನು ಬಂತು.

"ದಿವಾಕರಣ್ಣ, ಎಂತ ಮಾಡ್ಬಿಟ್ರಿ? ನಿಮ್ಮ ಹೆಸ್ರು ಕೇಳ್ದೆ, ಮಂಜಕ್ಕಂಗೆ ಫೋನು ಅಂತು, ಓಡಿಹೋಗಿ ಕೊಟ್ಟೆ. ದೇವಿ ಮದ್ವೆಗೆ ಶುಭಾಶಯ ಅಂದ್ರಂತೆ. ಮಂಜಕ್ಕ ಅಲ್ಲೇ ಕುಸ್ದು ಕೂತದ್ದು ಇನ್ನೂ ಎದ್ದಿಲ್ಲ."

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ದಿವಾಕರ ಅಂಗಡಿಯಲ್ಲಿದ್ದ. ಹೇಮಾ ಬಂದ ಕೂಡಲೇ ಮೂಲೆ ಮಡಚುವ ಸಂಗತಿಯನ್ನು ಮೊದಲಿಂದ ಕಡೆಯವರೆಗೆ ಹೇಳಿದ. ತಾನು ನೋಡುತ್ತಲೇ ಸುಮ್ಮನಿದ್ದದ್ದನ್ನೂ ಬಿಡಲಿಲ್ಲ. ಹೇಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾ ಕೇಳಿದ್ನಲ್ಲ ದಿವಾಕರಣ್ಣ. ಕೇಳಿದ್ನಲ್ಲ" ಎಂದು ಅದೊಂದನ್ನೇ ಹೇಳಿದಳು.

"ಕೇಳಿದ್ದೆ ತಂಗಿ. ತಪ್ಪು ನಂದು. ಈಗ ಅಳಿಸು."

ಪಟ್ಟಿಗಳು ರದ್ದಿಗೆ ಹೋಗಿದ್ದರಿಂದ ಅವನು ನೆನಪಿನಿಂದಲೇ ಹೇಳುತ್ತ ಹೋದ. ಮೊದಲ ಹೆಸರೇ ದೇವಿಯದು. ಹೇಮಾ ಹುಡುಕಿ ತೆಗೆದಾಗ ಪರದೆಯ ಮೇಲೆ ಅವಳ ಹೆಸರು, ಕೊಪ್ಪ, ಮೇ ಒಂಬತ್ತು, ಕಪಾಟು ಒಂದು, ಮಂಚ ಒಂದು ಎಂದು ಸಾಲಾಗಿ ಬಂತು.

"ಮತ್ತೆ ಬರೂದಿಲ್ಲ ಅಲಾ?"

"ಎಲ್ಲೂ ಬರೂದಿಲ್ಲ" ಎಂದು ಹೇಮಾ ಗುಂಡಿ ಒತ್ತಿದಳು. ಸಾಲು ಮಾಯವಾಯಿತು. ಹಾಗೆ ನಲವತ್ತಮೂರು ಮನೆಗಳನ್ನು ಅಳಿಸಿದರು. ಊಟದ ಹೊತ್ತು ದಾಟಿತ್ತು. ಶಾನಭಾಗರು ಎರಡು ಸಲ ಬಂದು ಇಣುಕಿ ಹೋದರು. ದಿವಾಕರನಿಗೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಇನ್ನು ಮಂಜಿಯ ಕಾಲು ಹಿಡಿಯುವುದೊಂದೇ ಉಳಿದದ್ದು ಎಂದುಕೊಂಡು ಸ್ಕೂಟರ್ ಹತ್ತಿದ.

ಕೊಪ್ಪ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಸಣ್ಣ ಗೌಡ ಗದ್ದೆಯ ಕಡೆ ಹೋಗಿದ್ದ. ಮಂಜಿ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಮೂರು ತಿಂಗಳಲ್ಲಿ ಅರ್ಧ ಆಗಿದ್ದಳು. ಇವನನ್ನು ಕಂಡು ಬಯ್ಯುತ್ತಾಳೆ ಎಂದು ಅವನು ಅಂಗಳದಲ್ಲೇ ನಿಂತ. ಅವಳು ಎದ್ದು ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು. ಅದನ್ನು ನೋಡಿ ಅವನಿಗೆ ಅಳು ಉಕ್ಕಿ ಬಂತು.

"ಮಂಜಿ, ತಪ್ಪಾತು. ಆ ಫೋನು ನಾ ಮಾಡ್ದದ್ದಲ್ಲ, ಆದ್ರೂ ತಪ್ಪು ನಂದೇ."

ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದಳು.

"ನಾಯ್ಕ್ರೇ, ಆ ಫೋನ್ನಾಗೆ ಮಾತಾಡ್ತಲ, ಆ ಹುಡ್ಗಿ ಯಾರು?"

"ಹುಡ್ಗಿ ಅಲ್ಲ ಮಂಜಿ, ಮಷಿನು. ಹೆಸ್ರು ಬರ್ದುಕೊಟ್ರೆ ಓದಿ ಹೇಳ್ತದೆ."

"ಮಷಿನಾದ್ರೂ ಆಗ್ಲಿ. ಇನ್ನೊಂದ್ಸಲ ಮಾಡೂಕೆ ಹೇಳಿ."

ದಿವಾಕರ ಅವಳ ಮುಖ ನೋಡಿದ. ಬುದ್ಧಿ ತಪ್ಪಿದವಳ ಮುಖವಲ್ಲ. ಪೇಟೆಯಲ್ಲಿ ಸೊಪ್ಪು ಮಾರುವಾಗ ಇರುತ್ತಿದ್ದ ಅದೇ ನೆಟ್ಟ ನೋಟ.

"ಇವ್ರು ಮನೆಲಿ ಹೆಸ್ರು ತೆಗಿಬೇಡ ಅಂತ್ರು, ತಡ್ಕಣೂಕೆ ಆಗೂದಿಲ್ಲ ಅವ್ರಿಗೆ" ಎಂದಳು ಮಂಜಿ. "ಅವ್ಳ ಬಟ್ಟಿ, ಬಳಿ, ಪೋಟೋ ಎಲ್ಲ ಹೊಳಿಗೆ ಬಿಟ್ರು. ಕೊಪ್ಪದ ಹೆಂಗಸ್ರು ನನ್ನ ಕಂಡ್ರೆ ಬೇರೆ ಮಾತು ತೆಗಿತ್ರು. ಪಾಪ, ನನಗೆ ದುಃಖ ಆಗ್ಬಾರ್ದು ಅಂತ. ಮೂರು ತಿಂಗ್ಳಾತು ನಾಯ್ಕ್ರೇ, ದೇವಿ ಅಂದದ್ದು ಅದೊಂದೇ. ಎಷ್ಟು ಚಂದ ಅಂತು! ನಾ ಓ ಅಂದೆ. ಅಷ್ಟ್ರಾಗೆ ನಿಂತೇಹೋತು."

ಅಂಗಳದ ಆಚೆ ಉಮೇಶನ ಮನೆಯ ಕಡೆ ಅವಳ ಕಣ್ಣು ಹೊರಳಿತು. ನಿನ್ನೆಯಿಂದ ಆ ಫೋನು ಯಾವಾಗ ಸದ್ದು ಮಾಡುತ್ತದೆ ಎಂದು ಇಲ್ಲೇ ಕಿವಿಗೊಟ್ಟು ಕೂತಿದ್ದಾಳೆ ಎಂಬುದು ಅವನಿಗೆ ಆಗ ತಿಳಿಯಿತು.

"ನಿಮ್ದೇ ಹೆಸ್ರು ಹೇಳ್ತಲ ಅದು. ನೀವು ಹೇಳ್ರೆ ಕೇಳ್ತದೆ."

ಆತು ಎಂದುಬಿಡಬಹುದಿತ್ತು. ಹಾಗೆ ಹೇಳಿ ಸ್ಕೂಟರ್ ಹತ್ತಿದ್ದರೆ ಅವಳು ಇನ್ನೆಷ್ಟೋ ದಿನ ಕಾಯುತ್ತ ಕೂರುತ್ತಿದ್ದಳು. ಒಮ್ಮೆ ಬಾಯಿ ಮುಚ್ಚಿಕೊಂಡು ಏನಾಯಿತೆಂದು ಅವನು ಕಂಡಿದ್ದ.

"ಆಗೂದಿಲ್ಲ ಮಂಜಿ. ಅದ್ರಲ್ಲಿ ಈಗ ಹೆಸ್ರಿಲ್ಲ. ಇವತ್ತು ಬೆಳಿಗ್ಗೆ ನಾನೇ ಕೂತು ಅಳಿಸ್ದೆ."

ಮಂಜಿ ಉಮೇಶನ ಮನೆಯ ಕಡೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

"ನೀವೂನಾ?" ಎಂದಳು.