ಎರಡು ಪದರ ಗಾಜು

ಕಿಟಕಿ ಕೂರಿಸುವುದರಲ್ಲಿ ಬಡಗಿ ಎತ್ತಿದ ಕೈ. ಮಾತಿನಲ್ಲಿ ಮಾತ್ರ ಮೂರು ಕಾಸಿಗೂ ಬಾರದವನು. ಕೇಳಿದ್ದಕ್ಕೆ ‘ಹೂಂ’ ಅಂದರೆ ಅದೇ ಭಾಷಣ. ಊರ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ ಅವನಿಗೆ ಕೈತುಂಬ ಕೆಲಸ. ರೆಕ್ಕೆಗಳ ಸದ್ದಿಗೆ ನಿದ್ದೆಗೆಟ್ಟ ಜನ ಕಂಪನಿಯ ಬಾಗಿಲು ಬಡಿದಿದ್ದರು. ಹತ್ತಿರದ ಮನೆಗಳಿಗೆಲ್ಲ ಎರಡು ಪದರ ಗಾಜಿನ ಕಿಟಕಿ ಹಾಕಿಸಿಕೊಡುತ್ತೇವೆ ಎಂದಿತು ಕಂಪನಿ. ಸದ್ದು ಮಾಡುವ ಯಂತ್ರವನ್ನು ಬಿಟ್ಟು ಕಿವಿ ಇದ್ದವರನ್ನು ಮುಚ್ಚಿಡುವ ಉಪಾಯ! ಆ ಕೆಲಸ ಇವನ ಪಾಲಿಗೆ ಬಂತು.

ಗುಡ್ಡಕ್ಕೆ ತೀರ ಹತ್ತಿರವಿದ್ದದ್ದು ಅವನ ಅಕ್ಕನ ಮನೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಗಂಡ ಹೋದ ಮೇಲೆ ಒಬ್ಬಳೇ ಇದ್ದಳು. ತಮ್ಮ ತನ್ನ ಮನೆಗೆ ಕರೆದರೆ, ನಿನ್ನ ಹೆಂಡತಿಗೆ ನಾನೊಬ್ಬಳು ಅತ್ತೆಯಾಗುವುದು ಬೇಡ ಎಂದು ನಗುತ್ತಿದ್ದಳು. ರೆಕ್ಕೆ ತಿರುಗಲು ಶುರುವಾದ ಮೇಲೆ ಅವಳಿಗೆ ನಿದ್ದೆ ಹತ್ತದಾಯಿತು. ಬಿಪಿ ಏರಿತು. ನಿದ್ದೆಯಿಲ್ಲದೆ ಮಾತ್ರೆ ನುಂಗಿ ಉಪಯೋಗವಿಲ್ಲ ಎಂದರು ಡಾಕ್ಟರು. ಅಕ್ಕನನ್ನು ಉಳಿಸಿಕೊಳ್ಳುವುದು ತನ್ನ ಕೈಯಲ್ಲೇ ಇದೆ ಅನ್ನಿಸಿತು ಬಡಗಿಗೆ.

ಉಳಿದ ಮನೆಗಳ ಚೌಕಟ್ಟಿಗೆ ಒಂದು ಸುತ್ತು ರಬ್ಬರ್ ಪಟ್ಟಿ ಹಾಕಿದವನು ಅಕ್ಕನಿಗೆ ಎರಡು ಸುತ್ತು ಹಾಕಿದ. ಕೂದಲೆಳೆಯಷ್ಟು ಸಂದಿ ಕಂಡರೂ ಬಿಡಲಿಲ್ಲ. ಬಾಗಿಲ ಬುಡಕ್ಕೂ ಪಟ್ಟಿ ಬಡಿದ. ಎದುರು ಮನೆಯ ಟೈಲರಮ್ಮನಿಗೂ ಅಂಥದ್ದೇ ಕಿಟಕಿ ಕೂರಿಸಿದ. ಕಿರಿದಾದ ಓಣಿ ಅದು. ಈ ಇಬ್ಬರು ಹೆಂಗಸರು ಕಿಟಕಿಯಿಂದ ಕಿಟಕಿಗೆ ಮಾತಾಡಿಕೊಂಡೇ ವರ್ಷಗಟ್ಟಲೆ ಹಗಲು ಕಳೆದವರು. ಇಲ್ಲಿ ತಟ್ಟೆ ಬಿದ್ದರೆ ಅಲ್ಲಿಂದ ‘ಏನಾಯ್ತೇ’ ಅನ್ನುವ ಕೂಗು. ಈಗ ಕಿಟಕಿ ತೆರೆದರೆ ಗುಡ್ಡದ ಸದ್ದು ನುಗ್ಗುತ್ತದೆಂದು ಹಗಲೂ ಮುಚ್ಚಿಕೊಂಡು, ಗಾಜಿನ ಹಿಂದಿನಿಂದ ಕೈ ಬೀಸುತ್ತಿದ್ದರು.

ಅಕ್ಕ ಮಾತ್ರ ಕಣ್ತುಂಬ ನಿದ್ದೆ ಮಾಡಿದಳು. ಮುಖಕ್ಕೆ ಕಳೆ ಬಂತು. ಬಡಗಿ ಹಿಗ್ಗಿ ಹೀರೇಕಾಯಿಯಾದ.

ಒಂದು ಬೆಳಿಗ್ಗೆ ಅಕ್ಕ ಹಿಂದಿನ ಅಡುಗೆಮನೆಯಲ್ಲಿ ಕಾಲು ಜಾರಿ ಬಿದ್ದಳು. ಸೊಂಟ ಮುರಿದು ತೆವಳಲೂ ಆಗಲಿಲ್ಲ. ಫೋನು ಮಲಗುವ ಕೋಣೆಯಲ್ಲಿತ್ತು. ಟೈಲರಮ್ಮನನ್ನು ಕೂಗಿದಳು, ಕೂಗುತ್ತಲೇ ಇದ್ದಳು. ಓಣಿಯಾಚೆ ಟೈಲರಮ್ಮ ಮಿಷನ್ ತುಳಿಯುತ್ತಾ, ಗೆಳತಿ ಕಿಟಕಿಗೆ ಬಾರದ್ದನ್ನು ನೋಡಿ, ಪಾಪ, ಮಲಗಿರಬೇಕು, ಮಲಗಲಿ ಎಂದುಕೊಂಡಳು. ಮರುದಿನ ಕೆಲಸಕ್ಕೆ ಹೊರಟ ಬಡಗಿ ಸುಮ್ಮನೆ ಮಾತಾಡಿಸಿಕೊಂಡು ಹೋಗೋಣವೆಂದು ಬಾಗಿಲು ತಳ್ಳಿದಾಗ ಅವಳಿನ್ನೂ ತಣ್ಣನೆ ನೆಲದ ಮೇಲಿದ್ದಳು. ಜೀವವಿತ್ತು.

ಆಸ್ಪತ್ರೆಯಲ್ಲಿ ಟೈಲರಮ್ಮ ತಲೆ ಚಚ್ಚಿಕೊಂಡು ಅತ್ತಳು. “ಮೊದಲಾಗಿದ್ರೆ ಅವಳು ಕೆಮ್ಮಿದ್ರೂ ಓಡಿ ಹೋಗ್ತಿದ್ದೆ” ಅಂದಳು. ಬಡಗಿಯನ್ನು ದೂರಿದ ಮಾತಲ್ಲ ಅದು; ಆದರೂ ನೆಟ್ಟದ್ದು ಅವನ ಎದೆಗೇ. ಮಂಚದ ಪಕ್ಕ ಕೂತು ಅಕ್ಕನ ಕೈ ಹಿಡಿದುಕೊಂಡ. ತಪ್ಪಾಯಿತು ಅನ್ನಬೇಕಿತ್ತು, ಹೊದಿಕೆ ಸರಿಮಾಡಿದ. ಅವನ ಮುಖ ನೋಡಲಾರದೆ ಅವಳೇ ಸಮಾಧಾನ ಮಾಡಲು ಹೊರಟಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು.

“ನಿನ್ನ ಕೆಲಸ ಅಂದ್ರೆ ಕೆಲಸ ಕಣೋ ತಮ್ಮ. ಎಷ್ಟು ಕೂಗಿದೆ ಗೊತ್ತಾ? ಒಂಚೂರೂ ಆಚೆ ಹೋಗ್ಲಿಲ್ಲ.”

ಮನಸಾರೆ ಮೆಚ್ಚಿಕೊಂಡೇ ಅಂದಳು. ಅಂದು ಸಂಜೆ ತೀರಿಕೊಂಡಳು.

ಇನ್ನೂ ಎಷ್ಟೋ ಮನೆಗಳು ಉಳಿದಿವೆ. ಹೊಟ್ಟೆಪಾಡು, ಕೆಲಸ ಬಿಡುವಂತಿಲ್ಲ. ಎಂಥ ಕಿಟಕಿ ಹಾಕಿದೆಯಪ್ಪಾ, ಒಂದು ಸದ್ದೂ ಕೇಳೋದಿಲ್ಲ ಎಂದು ಯಾರಾದರೂ ಹೊಗಳಿದರೆ, ಬಡಗಿ ಹತಾರಗಳನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ.