ಗೀರಿಲ್ಲದ ರೀಲುಗಳು

ಮನೆಯಲ್ಲೇ ಪ್ರೊಜೆಕ್ಟರ್ ಹಾಕಿ ಹಳೆಯ ಸಿನಿಮಾ ನೋಡುವ ಹುಚ್ಚು ನನಗೆ. ಭಾನುವಾರ ಬಂತೆಂದರೆ ವಿನೋಬನಗರದಿಂದ ಭದ್ರಾವತಿಯ ಒಂದು ಗುಜರಿ ಅಂಗಡಿಗೆ ಹೋಗಿ ರೀಲು ಹುಡುಕುತ್ತಿದ್ದೆ. ಅಂಗಡಿಯ ಭಾಯಿ ಡಬ್ಬಿಗಳನ್ನು ಮುಂದಿಟ್ಟರೆ, ನಾನು ಫಿಲ್ಮನ್ನು ಬೆಳಕಿಗೆ ಹಿಡಿದು, ಎಕ್ಸ್‌ರೇ ನೋಡುವ ಡಾಕ್ಟರಂತೆ ಹುಬ್ಬು ಗಂಟಿಕ್ಕುತ್ತಿದ್ದೆ. ಒಂದು ಗೀರು ಕಂಡರೂ ಸಾಕು, "ಇದು ಕಸ ಭಾಯಿ, ಬೇಡ" ಎಂದು ಪಕ್ಕಕ್ಕೆ ತಳ್ಳುತ್ತಿದ್ದೆ. ಹೀಗೆ ಆರಿಸಿ ಆರಿಸಿ ಒಂದು ಬೀರು ತುಂಬ ಕನ್ನಡಿಯಂಥ ಪ್ರಿಂಟುಗಳನ್ನು ಕೂಡಿಹಾಕಿದೆ. ಯಾವುದನ್ನು ಹಾಕಿದರೂ ಹತ್ತು ನಿಮಿಷದಲ್ಲಿ ಮನೆಯವರು ಆಕಳಿಸುತ್ತಿದ್ದರು. ಪಾಪ, ಇವರಿಗೆ ರುಚಿ ಇಲ್ಲ ಎಂದುಕೊಂಡೆ.

ಕಳೆದ ತಿಂಗಳು ಮಲವಗೊಪ್ಪದ ಹಿರಿಯರೊಬ್ಬರನ್ನು ಮನೆಗೆ ಕರೆತಂದೆ. ಒಂದು ಕಾಲದಲ್ಲಿ ಜೀಪಿನಲ್ಲಿ ಪ್ರೊಜೆಕ್ಟರ್ ಹೊತ್ತು ಊರೂರಿಗೆ ಸಿನಿಮಾ ತೋರಿಸಿದವರು ಅವರು. ನಾಲ್ಕು ರೀಲು ಬಿಚ್ಚಿ ನೋಡಿ ನಕ್ಕರು.

"ಎಷ್ಟು ಕ್ಲೀನಾಗಿದಾವೆ ನೋಡಿ!" ಎಂದೆ.

"ಇರದೆ ಏನು ಮಾರಾಯ್ರೆ? ಜನ ಮತ್ತೆ ಮತ್ತೆ ಕೇಳಿದ ಪಿಕ್ಚರಿಗೆ ಮೈತುಂಬ ಗೀರು ಬೀಳುತ್ತೆ. ಇವನ್ನ ಯಾರೂ ಎರಡನೇ ಸಲ ಹಾಕ್ಸೇ ಇಲ್ಲ."

ಮರುದಿನವೇ ಭದ್ರಾವತಿಗೆ ಓಡಿದೆ. ಗೀರು ಬಿದ್ದಿದ್ದನ್ನೆಲ್ಲ ಕೊಡಿ ಎಂದು ಭಾಯಿಯನ್ನು ಕೇಳಿದೆ.

"ಅವೆಲ್ಲಿ ಸಾರ್? ಶಂಕರಘಟ್ಟದ ಮೇಷ್ಟ್ರೊಬ್ರು ಪ್ರತಿ ಸೋಮವಾರ ಬರ್ತಾರೆ. ನೀವು ಯಾವ್ಯಾವ್ದು ಬೇಡ ಅಂದ್ರಿ ಅಂತ ಕೇಳಿ, ಅಷ್ಟನ್ನೂ ತಗೊಂಡು ಹೋಗ್ತಾರೆ."